ಹೊಲ ಹೇಳಿದ ಹಾಗೆ ಭಜ್ಜಿ

ನಮ್ಮ ಹಬ್ಬದೂಟದಲ್ಲಿ ದೊಡ್ಡ ಹೆಸರು ಯಾವಾಗಲೂ ಸಿಹಿಯದ್ದೇ. ಯುಗಾದಿಗೆ ಹೋಳಿಗೆ, ಚೌತಿಗೆ ಕಡಬು, ದೀಪಾವಳಿಗೆ ಕರ್ಚಿಕಾಯಿ. "ಹಬ್ಬಕ್ಕೆ ಏನು ಮಾಡಿದ್ರಿ?" ಅಂತ ಯಾರಾದರೂ ಕೇಳಿದರೆ ಬಾಯಿಗೆ ಬರುವುದು ಇವೇ. ಆ ಸಾರು, ಆ ಪಲ್ಯ, ಆ ಕೋಸಂಬರಿ ಎಷ್ಟೇ ಚೆನ್ನಾಗಿದ್ದರೂ ಅವುಗಳ ಹೆಸರು ಯಾರೂ ಎತ್ತುವುದಿಲ್ಲ. ಆದರೆ ಕಲಬುರಗಿ, ಬೀದರ್ ಕಡೆ ಚಳಿಗಾಲದಲ್ಲಿ ಒಂದು ಹಬ್ಬ ಬರುತ್ತದೆ. ಅವತ್ತು ಕೇಳಿ ನೋಡಿ. ಮೊದಲು ಬರುವ ಉತ್ತರ ಭಜ್ಜಿ. ಹುಳಿ, ಖಾರ, ಹಸಿರು ಎಲ್ಲ ಕೂಡಿದ, ಗಟ್ಟಿಯಾದ, ಎಳ್ಳಮಾವಾಸ್ಯೆಯ ಭಜ್ಜಿ.

ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ಬಜ್ಜಿ ಇದಲ್ಲ. ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿ ಕಾಳು ಸಿಗುತ್ತದೋ, ಏನೇನು ಸೊಪ್ಪು ಸಿಗುತ್ತದೋ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಬೇಕು. ಜೊತೆಗೆ ಬದನೆಕಾಯಿ, ಗಜ್ಜರಿ (ಕ್ಯಾರೆಟ್), ಉಳ್ಳಾಗಡ್ಡಿ ತಪ್ಪಲು. ಆಮೇಲೆ ಹುಣಸೆ ರಸ ಬಿಟ್ಟು, ಕಡಲೆಹಿಟ್ಟು ಕದಡಿ ಹಾಕಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಒಂದು ಮನೆಯ ಭಜ್ಜಿ ಇನ್ನೊಂದು ಮನೆಯಂತೆ ಇರುವುದಿಲ್ಲ. ಒಂದು ವರ್ಷದ್ದು ಇನ್ನೊಂದು ವರ್ಷದಂತೆಯೂ ಇರುವುದಿಲ್ಲ. ನನಗೆ ಈ ಅಡುಗೆಯ ಮೇಲೆ ಇಷ್ಟು ಪ್ರೀತಿ ಇರುವುದೇ ಅದಕ್ಕೆ.

ಮಾರ್ಗಶಿರ ಮಾಸದ ಅಮಾವಾಸ್ಯೆಯೇ ಎಳ್ಳಮಾವಾಸ್ಯೆ. ಆ ಹೊತ್ತಿಗೆ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಆಳೆತ್ತರ ಬೆಳೆದಿರುತ್ತದೆ. ಕಡಲೆ ನೆಲಕ್ಕೆ ಹರಡಿಕೊಂಡಿರುತ್ತದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಕಾಯಿ ಹೊತ್ತು ನಿಂತಿರುತ್ತದೆ. ಅವತ್ತು ಮನೆ ಮಂದಿಯೆಲ್ಲ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಎತ್ತಿನ ಗಾಡಿ ಇತ್ತು, ಈಗ ಟ್ರ್ಯಾಕ್ಟರ್, ಕಾರು, ಬೈಕು. ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ. ಮಾಡಿ ತಂದ ಅಡುಗೆಯನ್ನೆಲ್ಲ ಕಲಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಬೆಳೆ ಹೊತ್ತ ಭೂಮಿತಾಯಿ ಬಸುರಿ, ಅವಳಿಗೆ ಮೊದಲ ತುತ್ತು. ಆಮೇಲೆ ಎಲ್ಲರೂ ಬೆಳೆಯ ಮಧ್ಯೆಯೇ ಕುಳಿತು ಊಟ. ಹೊಲ ಇಲ್ಲದವರನ್ನೂ ಕರೆಯುತ್ತಾರೆ. ಕರೆಯದೆ ಉಣ್ಣುವ ಹಬ್ಬವೇ ಅಲ್ಲ ಅದು.

ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರುತ್ತದೆ, ಸಜ್ಜೆ ಕಡಬು ಇರುತ್ತದೆ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಯ, ಮೊಸರು, ಜೋಳದ ಅಂಬಲಿ. ಆದರೆ ಅವೆಲ್ಲ ಭಜ್ಜಿಯ ಸುತ್ತ. ರೊಟ್ಟಿ ಇರುವುದು ಭಜ್ಜಿ ಎತ್ತಿಕೊಳ್ಳಲು. ಅಂಬಲಿ ಇರುವುದು ಭಜ್ಜಿಯ ಖಾರ ಇಳಿಸಲು. ಹೋಳಿಗೆ ತಿಂದವರೂ ಮತ್ತೆ ಭಜ್ಜಿಗೇ ಕೈ ಚಾಚುತ್ತಾರೆ.

ಭಜ್ಜಿಗೆ ಏನು ಬೀಳಬೇಕು ಅಂತ ತೀರ್ಮಾನ ಮಾಡುವುದು ಅಡುಗೆಮನೆಯಲ್ಲ. ಚಂದ್ರ ಮತ್ತು ಹೊಲ ಸೇರಿ ತೀರ್ಮಾನ ಮಾಡುತ್ತವೆ. ಪಂಚಾಂಗದಲ್ಲಿ ಅಧಿಕ ಮಾಸ ಬಂದ ವರ್ಷ ಎಳ್ಳಮಾವಾಸ್ಯೆ ಜನವರಿಗೆ ಜಾರುತ್ತದೆ. ಇಲ್ಲದಿದ್ದರೆ ಹೆಚ್ಚಾಗಿ ಡಿಸೆಂಬರ್ ಕೊನೆಗೇ ಬಂದುಬಿಡುತ್ತದೆ. ಹಾಗಾಗಿ 2023ರ ಕ್ಯಾಲೆಂಡರಿನಲ್ಲಿ ಈ ಹಬ್ಬ ಇರಲೇ ಇಲ್ಲ. 2024ರಲ್ಲಿ ಎರಡು ಸಲ ಬಂತು, ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ. 2025ರಲ್ಲಿ ಡಿಸೆಂಬರ್ 19ಕ್ಕೇ ಬಂತು. ಮೂರು ವಾರದ ಈ ಹಿಂದು ಮುಂದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಸಣ್ಣದು. ಹೊಲದಲ್ಲಿ ಅದು ಬಹಳ ದೊಡ್ಡದು. ಡಿಸೆಂಬರ್ ನಡುವೆ ಹಬ್ಬ ಬಂದರೆ ತೊಗರಿ ಕಾಯಿ ಇನ್ನೂ ಹಸಿರು, ಬೇಕಾದಷ್ಟು ಸುಲಿಯಬಹುದು. ಕಡಲೆಯಲ್ಲಿ ಮಾತ್ರ ಕಾಳು ಕಟ್ಟಿರುವುದಿಲ್ಲ, ಎಳೆ ಕುಡಿ ಮಾತ್ರ ಸಿಗುತ್ತದೆ. ಜನವರಿ ಎರಡನೇ ವಾರಕ್ಕೆ ಬಂದರೆ ಲೆಕ್ಕ ತಿರುಗಾಮುರುಗಾ. ತೊಗರಿ ಒಣಗಿ ರಾಶಿಗೆ ಹೊರಟಿರುತ್ತದೆ, ಕಡಲೆ ಗಿಡದಲ್ಲಿ ಕಾಯಿ ತುಂಬಿರುತ್ತದೆ. ಒಂದು ವರ್ಷ ತೊಗರಿ ಮುಂದಿರುವ ಭಜ್ಜಿ, ಇನ್ನೊಂದು ವರ್ಷ ಕಡಲೆ ಮುಂದಿರುವ ಭಜ್ಜಿ. ಎರಡೂ ಸರಿಯೇ. "ನಿಜವಾದ ಭಜ್ಜಿ ಹೇಗಿರುತ್ತದೆ?" ಅಂತ ಕೇಳುವವರಿಗೆ ನಾನು ಮೊದಲು ತಿಥಿ ಯಾವತ್ತು ಅಂತ ಕೇಳುತ್ತೇನೆ.

ತೊಗರಿ ಅಂದರೆ ನಮ್ಮ ಕಡೆಯವರಿಗೆ ಬರೀ ಬೇಳೆಯಲ್ಲ. ಕಲಬುರಗಿಯನ್ನು ತೊಗರಿ ಕಣಜ ಅಂತ ಕರೆಯುವುದು ಸುಮ್ನೆ ಅಲ್ಲ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ, ಅಂದರೆ ಇದು ಈ ನೆಲದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಳೆ ನಂಬಿದ ಕಪ್ಪು ನೆಲ, ಆಳಕ್ಕೆ ಇಳಿಯುವ ಬೇರು. ಮಳೆ ನಿಂತ ಮೇಲೂ ಆ ಬೇರು ಕೆಳಗಿನ ತೇವ ಹೀರಿಕೊಂಡು ಕಾಯಿ ತುಂಬಿಸುತ್ತದೆ. ಆದರೆ 2022ರಲ್ಲಿ ನೆಟೆ ರೋಗ ಬಂದು ಎಷ್ಟೋ ಹೊಲಗಳಲ್ಲಿ ತೊಗರಿ ನಿಂತಲ್ಲೇ ಒಣಗಿತು. ಮಣ್ಣಿನಿಂದ ಬರುವ ಶಿಲೀಂಧ್ರ ಬೇರಿನ ದಾರಿಯನ್ನೇ ಕಟ್ಟಿಬಿಡುತ್ತದೆ, ನೀರಿದ್ದರೂ ಗಿಡ ಬಾಡುತ್ತದೆ. ಅಂಥ ವರ್ಷ ಭಜ್ಜಿಗೆ ತೊಗರಿ ಕಡಿಮೆ ಬೀಳುತ್ತದೆ. ಬೋಗುಣಿ ನೋಡಿದರೆ ಸಾಕು, ಆ ವರ್ಷ ರೈತನ ಪಾಡು ಏನು ಅಂತ ಗೊತ್ತಾಗುತ್ತದೆ.

ಕಡಲೆ ಕುಡಿಯ ಕತೆಯೂ ಚಂದ. ಗಿಡ ಒಂದು ತಿಂಗಳು ದಾಟಿದ ಮೇಲೆ ತುದಿ ಚಿವುಟುತ್ತಾರೆ. ಚಿವುಟಿದರೆ ಪಕ್ಕದಲ್ಲಿ ಹೊಸ ಕವಲು ಒಡೆಯುತ್ತದೆ, ಕವಲು ಜಾಸ್ತಿ ಆದರೆ ಕಾಯಿ ಜಾಸ್ತಿ. ಚಿವುಟಿದ ಕುಡಿ ಮನೆಗೆ, ಪಲ್ಯಕ್ಕೆ. ಕಡಲೆ ಎಲೆಯ ಮೇಲೆ ಸಣ್ಣ ಕೂದಲಿನಂಥ ರೋಮ ಇರುತ್ತದೆ, ಅದರಿಂದ ಹುಳಿ ಒಸರುತ್ತದೆ. ಬೆಳಗಿನ ಜಾವ ಇಬ್ಬನಿ ಬಿದ್ದ ಕಡಲೆ ಹೊಲದಲ್ಲಿ ನಡೆದರೆ ಕಾಲು ಚುರುಗುಟ್ಟುವುದು ಇದಕ್ಕೇ. ಈ ಕುಡಿಯನ್ನು ಒಂದು ಹಿಡಿ ಭಜ್ಜಿಗೆ ಹಾಕಿದರೆ ಹುಣಸೆಹಣ್ಣಿನಿಂದ ಬಾರದ ಒಂದು ಹುಳಿ ಬರುತ್ತದೆ. ನಾಲಿಗೆಯ ತುದಿಗೆ ತಟ್ಟನೆ ಹತ್ತುವ ಹುಳಿ. ನನ್ನ ಮಟ್ಟಿಗೆ ಭಜ್ಜಿಯ ಗುಟ್ಟು ಇದೇ. ಬೆಂಗಳೂರಿನಲ್ಲಿ ಇದು ಸಿಗುವುದೇ ಕಷ್ಟ, ಅದೊಂದೇ ಬೇಸರ.

ಬೆಂಗಳೂರಿನ ಮಾತು ಬಂತು. ರಜೆ ಸಿಗದ ವರ್ಷ ನಾನು ಭಜ್ಜಿಯನ್ನು ಇಲ್ಲೇ ಮಾಡುತ್ತೇನೆ. ಹೊಲ ಇಲ್ಲ, ಟೆರೇಸ್ ಇದೆ. ಅಪಾರ್ಟ್‌ಮೆಂಟಿನ ನಾಲ್ಕಾರು ಮನೆಯವರನ್ನು ಕರೆಯುತ್ತೇನೆ. ಪೇಟೆಯಲ್ಲಿ ಹಸಿ ಕಾಳು ಸಿಗುವುದಿಲ್ಲ ಅಂತ ಊರಲ್ಲಿ ಅಂದುಕೊಂಡಿದ್ದಾರೆ. ಅದು ಪೂರ್ತಿ ನಿಜವಲ್ಲ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಅವರೆಕಾಯಿಯ ರಾಶಿ, ಪಕ್ಕದಲ್ಲೇ ತೊಗರಿಕಾಯಿಯ ರಾಶಿ. ತಳ್ಳುಗಾಡಿಯಲ್ಲಿ ಹಸಿ ಕಡಲೆಯ ಕಟ್ಟು. ಅದಕ್ಕೆ ನಮ್ಮ ಕಡೆ ಸುಲಗಾಯಿ ಅನ್ನುತ್ತಾರೆ. ಮೆಂತ್ಯ, ಪಾಲಕ್, ಚಕ್ಕೋತ ಸೊಪ್ಪು ಬೀದಿ ಬೀದಿಗೆ ಬರುತ್ತವೆ.

ಕೆಳಗಿನ ಮನೆಯ ಅಕ್ಕ ಮಂಡ್ಯದವರು. ಅವರ ಕೈಗೆ ಅವರೆಕಾಯಿ ಆರಿಸುವ ಕೆಲಸ ಬಿಟ್ಟುಬಿಟ್ಟರೆ ನಿಶ್ಚಿಂತೆ. ಸೊಗಡು ಇದೆಯೋ ಇಲ್ಲವೋ ಅಂತ ಮೂಸಿಯೇ ಹೇಳುತ್ತಾರೆ. ಕಾಯಿ ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟಬೇಕು, ಆ ವಾಸನೆ ಕೈಯಲ್ಲಿ ಉಳಿಯಬೇಕು. "ಹಿತುಕಿ ಹಾಕಾಣ ಬುಡಿ, ನುಣ್ಣಗಾಯ್ತದೆ" ಅಂತ ಅವರು ಹೇಳಿದ್ದುಂಟು. ಹಿತುಕಿದ ಬೇಳೆ ಸಾರಿನ ಊರಿನವರು ಹಾಗೆ ಹೇಳುವುದು ಸಹಜ. ನಾನು ಒಪ್ಪಲಿಲ್ಲ. ಭಜ್ಜಿಯಲ್ಲಿ ಒಂದೊಂದು ಕಾಳೂ ಬೇರೆ ಬೇರೆಯಾಗಿ ಬಾಯಿಗೆ ಸಿಗಬೇಕು. ಸಿಪ್ಪೆ ಇದ್ದರೆ ಅವರೆ ಇಡಿಯಾಗಿ ನಿಲ್ಲುತ್ತದೆ. ಹಿತುಕಿದರೆ ಕಡಲೆಹಿಟ್ಟಿನ ಜೊತೆ ಕರಗಿ ಎಲ್ಲ ಒಂದೇ ಆಗಿಬಿಡುತ್ತದೆ. ಕೊನೆಗೆ ಅರ್ಧ ಅವರೆ ಭಜ್ಜಿಗೆ, ಅರ್ಧ ಅವರ ಮನೆಯ ಸಾರಿಗೆ ಅಂತ ಆಯಿತು. ಆ ಸಾರಿನ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಮಾಡುವ ರೀತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹತ್ತು ಹನ್ನೆರಡು ಜನಕ್ಕೆ ಸುಲಿದ ಕಾಳು ಎಲ್ಲ ಸೇರಿ ಮುಕ್ಕಾಲು ಕಿಲೋ ಬೇಕು. ಸುಲಿದಾಗ ಸುಮಾರು ಅರ್ಧ ತೂಕ ಸಿಪ್ಪೆಗೇ ಹೋಗುತ್ತದೆ, ಆ ಲೆಕ್ಕದಲ್ಲಿ ಕಾಯಿ ತನ್ನಿ. ಹಿಂದಿನ ರಾತ್ರಿಯೇ ಎಲ್ಲರೂ ಕೂತು ಸುಲಿದರೆ ಒಳ್ಳೆಯದು. ಮಕ್ಕಳು ಅರ್ಧ ತಿಂದು ಮುಗಿಸುತ್ತಾರೆ, ಅದಕ್ಕೂ ಸೇರಿಸಿ ತನ್ನಿ. ಒಂದು ಹಿಡಿ ಶೇಂಗಾ ರಾತ್ರಿ ನೆನೆಹಾಕಬೇಕು. ಬಿಡಿಸಿ ತೊಳೆದ ಸೊಪ್ಪು ಅರ್ಧ ಕಿಲೋ, ಅದರಲ್ಲಿ ಮೆಂತ್ಯ ಮೂರನೇ ಒಂದು ಭಾಗ ದಾಟಬಾರದು, ಕಹಿ ಮುಂದೆ ಬರುತ್ತದೆ. ಎಳೆ ಬದನೆಕಾಯಿ ಕಾಲು ಕಿಲೋ, ಎರಡು ಗಜ್ಜರಿ, ಒಂದು ಕಟ್ಟು ಉಳ್ಳಾಗಡ್ಡಿ ತಪ್ಪಲು. ಕಡಲೆಹಿಟ್ಟು 150 ಗ್ರಾಂ. ಹುಣಸೆಹಣ್ಣು ದೊಡ್ಡ ನಿಂಬೆ ಗಾತ್ರದ್ದು. ಬೆಳ್ಳುಳ್ಳಿ ಎರಡು ಗಡ್ಡೆ, ಹಸಿಮೆಣಸಿನಕಾಯಿ ನಿಮ್ಮ ಮನೆಯ ಧೈರ್ಯಕ್ಕೆ ತಕ್ಕಂತೆ. ನಮ್ಮಲ್ಲಿ ಹದಿನೈದಕ್ಕೆ ಕಡಿಮೆ ಇಲ್ಲ.

ಮೊದಲು ಶೇಂಗಾ ಬೇಯಲು ಬಿಡಿ, ಅದು ನಿಧಾನ. ಅರೆಬೆಂದ ಮೇಲೆ ತೊಗರಿ, ಅವರೆ. ಅವು ಮೆತ್ತಗಾಗುವ ಹೊತ್ತಿಗೆ ಹಸಿ ಕಡಲೆ, ಅದಕ್ಕೆ ಜಾಸ್ತಿ ಹೊತ್ತು ಬೇಡ. ಕುಕ್ಕರ್ ಬೇಡವೇ ಬೇಡ. ಒಂದೊಂದು ಕಾಳಿಗೆ ಒಂದೊಂದು ಹದ, ಕುಕ್ಕರಿನಲ್ಲಿ ಎಲ್ಲಕ್ಕೂ ಒಂದೇ ಸೀಟಿ. ಅಗಲ ಬಾಯಿಯ ದಪ್ಪ ತಳದ ಬೋಗುಣಿ ಸಾಕು. ಹಿತ್ತಾಳೆ ಆದರೆ ಕಲಾಯಿ ಇರಲೇಬೇಕು, ಹುಣಸೆ ಹುಳಿ ಬರೀ ಹಿತ್ತಾಳೆಗೆ ತಾಗಬಾರದು.

ಊರಲ್ಲಿ ಅತ್ತೆ ಒಲೆಯ ಮುಂದೆ ಕೂತು ಒಂದೇ ಮಾತು ಹೇಳುತ್ತಿದ್ದರು: "ಹುಳಿಗಿ ಗಡಿಬಿಡಿ ಮಾಡಬ್ಯಾಡವಾ, ಕಾಳು ಬೇಯ್ಲಿ ಮದ್ಲ." ಅವರು ಕಾರಣ ಹೇಳುತ್ತಿರಲಿಲ್ಲ. ಕಾರಣ ಇದೆ. ಕಾಳಿನ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಹುಳಿ ನೀರಿನಲ್ಲಿ ಅದು ಬೇಗ ಕರಗುವುದಿಲ್ಲ. ಮೊದಲೇ ಹುಣಸೆ ಬಿಟ್ಟರೆ ಎಷ್ಟು ಕುದಿಸಿದರೂ ಕಾಳು ಗಟ್ಟಿಯಾಗಿಯೇ ಕೂರುತ್ತದೆ. ಹಾಗಾಗಿ ಕಾಳು, ಬದನೆಕಾಯಿ, ಗಜ್ಜರಿ ಬೆಂದು, ಸೊಪ್ಪು ಬಾಡಿದ ಮೇಲೆಯೇ ಹುಳಿ. ಪುಂಡಿ ಸೊಪ್ಪು, ಕಡಲೆ ಕುಡಿಯಂಥ ಹುಳಿ ಸೊಪ್ಪಿದ್ದರೂ ಅದೇ ನಿಯಮ.

ಹುಳಿ ಬಿದ್ದ ಕೂಡಲೇ ಹಸಿರು ಬಣ್ಣ ಮಂಕಾಗುತ್ತದೆ. ಹೊಸದಾಗಿ ಮಾಡುವವರು ಇಲ್ಲಿ ಗಾಬರಿಯಾಗುತ್ತಾರೆ. ಎಲೆಯ ಹಸಿರಿನಲ್ಲಿರುವ ಮೆಗ್ನೀಸಿಯಂ ಹುಳಿಗೆ ಬಿಟ್ಟುಹೋಗುತ್ತದೆ, ಬಣ್ಣ ಹಳದಿ ಕೂಡಿದ ಹಸಿರಾಗುತ್ತದೆ. ಅದೇ ಭಜ್ಜಿಯ ಬಣ್ಣ. ಬಣ್ಣ ಉಳಿಸಲು ಅಡುಗೆ ಸೋಡಾ ಹಾಕುವ ಸಲಹೆ ಎಲ್ಲಾದರೂ ಓದಿದ್ದರೆ ಮರೆತುಬಿಡಿ. ಸೋಡಾ ರುಚಿಯನ್ನೂ ಕೆಡಿಸುತ್ತದೆ, ಸೊಪ್ಪನ್ನೂ ಲೋಳೆ ಮಾಡುತ್ತದೆ.

ಕಡಲೆಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿಕೊಳ್ಳಿ. ಬಿಸಿಗೆ ನೇರ ಹಾಕಿದರೆ ಹೊರಗಿನ ಹಿಟ್ಟು ತಕ್ಷಣ ಬೆಂದು ಒಳಗೆ ಹಸಿ ಹಿಟ್ಟು ಗಂಟಾಗಿ ಉಳಿಯುತ್ತದೆ. ಒಬ್ಬರು ಸುರಿಯಬೇಕು, ಇನ್ನೊಬ್ಬರು ತಿರುವುತ್ತಿರಬೇಕು. ಆಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷವಾದರೂ ಕುದಿಯಲಿ. ಹಿಟ್ಟಿನ ಹಸಿ ವಾಸನೆ ಹೋಗುವ ತನಕ ಬಿಡಬೇಡಿ. ಭಜ್ಜಿ ತಣ್ಣಗಾದಂತೆ ಬಿಗಿಯುತ್ತದೆ, ಹಾಗಾಗಿ ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ. ಹೊಲಕ್ಕೆ ಒಯ್ದು ಮಧ್ಯಾಹ್ನ ಉಣ್ಣುವ ಅಡುಗೆಗೆ ಈ ಲೆಕ್ಕ ಮುಖ್ಯ.

ಕೊನೆಗೆ ಒಗ್ಗರಣೆ. ಸಿಕ್ಕರೆ ಕುಸುಬೆ ಎಣ್ಣೆ, ಇಲ್ಲದಿದ್ದರೆ ಶೇಂಗಾ ಎಣ್ಣೆ. ಕುಸುಬೆಯೂ ಅದೇ ಹೊಲದ್ದೇ. ಅದರ ಗಿಡಕ್ಕೆ ಮುಳ್ಳು ಇರುತ್ತದೆ, ಅದಕ್ಕೆ ಜೋಳ ಕಡಲೆಯ ಸುತ್ತ ಅಂಚಿಗೆ ಬಿತ್ತುತ್ತಾರೆ, ದನ ಒಳಗೆ ನುಗ್ಗುವುದಿಲ್ಲ. ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಇಂಗು, ಕರಿಬೇವು. ಮೆಣಸಿನಕಾಯಿ ಬೆಳ್ಳುಳ್ಳಿಯನ್ನು ಒರಟಾಗಿ ಜಜ್ಜಿ ಹಾಕಿ, ಬೆಳ್ಳುಳ್ಳಿ ಅಂಚು ಕೆಂಪಗಾಗುವ ತನಕ ಹುರಿದು ಭಜ್ಜಿಯ ಮೇಲೆ ಸುರಿಯಬೇಕು. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಆ ಘಮ ಬರುವುದಿಲ್ಲ.

ಸಜ್ಜೆ ರೊಟ್ಟಿಗೆ ಹಿಟ್ಟು ಹೊಸದಾಗಿ ಬೀಸಿಸಿದ್ದೇ ಆಗಬೇಕು. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ, ಬೀಸಿ ಇಟ್ಟ ಹಿಟ್ಟು ಬೇಗ ಕಹಿಯಾಗುತ್ತದೆ. ಗೋಧಿಯಂಥ ಜಿಗುಟು ಇದಕ್ಕೆ ಇಲ್ಲ, ಅದಕ್ಕೆ ಕುದಿನೀರು ಹಾಕಿ ನಾದಬೇಕು. ಬಡಿದ ಮೇಲೆ ಎಳ್ಳು ಒತ್ತಿ ಬೇಯಿಸಿ. ಇದರ ಬದಲು ಚಪಾತಿ ಇಡುವವರನ್ನು ನೋಡಿದ್ದೇನೆ. ಬೇಡ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಭಜ್ಜಿಯ ಹುಳಿಗೆ ಸಜ್ಜೆಯ ಆ ಮಣ್ಣಿನ ರುಚಿಯೇ ಸರಿ. ಹೊಟ್ಟೆಗೂ ಅದೇ ಸರಿ, ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಾಳಿನಲ್ಲಿ ಧಾರಾಳವಾಗಿದೆ.

ಈಚೆಗೆ ಹಬ್ಬದೂಟಕ್ಕೆ ಜನ ಕರೆದಾಗ "ಸ್ಪೆಷಲ್ ಏನಾದರೂ ಇರಲಿ" ಅಂತ ಪನೀರ್ ಮಾಡುವುದು ವಾಡಿಕೆ ಆಗಿದೆ. ಪನೀರಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಮೇ ತಿಂಗಳಲ್ಲೂ ಹಾಗೇ ಇರುತ್ತದೆ, ಆಗಸ್ಟಿನಲ್ಲೂ ಹಾಗೇ ಇರುತ್ತದೆ. ಕ್ರೀಮು, ಗೋಡಂಬಿ ಸುರಿದು ಅಡುಗೆಯನ್ನು ಭಾರ ಮಾಡಿದರೆ ಹಬ್ಬದ ಅಡುಗೆ ಆಗುತ್ತದೆ ಅನ್ನುವ ನಂಬಿಕೆ ಎಲ್ಲಿಂದ ಬಂತೋ. ವರ್ಷದಲ್ಲಿ ಕೆಲವೇ ವಾರ ಸಿಗುವ ಐದಾರು ಬಗೆಯ ಹಸಿ ಕಾಳನ್ನು ಹತ್ತು ಕೈ ಸೇರಿ ಸುಲಿದು ಮಾಡಿದ್ದಕ್ಕಿಂತ ದೊಡ್ಡ ಸ್ಪೆಷಲ್ ಬೇರೆ ಇದೆಯಾ? ಮಾಂಸದ ಊಟಕ್ಕೆ ಸಾಟಿ ಅಂತ ತೋರಿಸುವ ಹಂಗೂ ಭಜ್ಜಿಗೆ ಇಲ್ಲ. ನನ್ನ ಟೆರೇಸಿನ ಊಟಕ್ಕೆ ಬರುವ ಮಾಂಸಾಹಾರಿ ಗೆಳೆಯರು ಎರಡನೇ ಸಲ ಬಡಿಸಿಕೊಳ್ಳುವಾಗ ಏನೋ ಕಡಿಮೆಯಾಗಿದೆ ಅಂತ ಯಾರೂ ಹುಡುಕುವುದಿಲ್ಲ.

ಇದು ನಮ್ಮ ಕಡೆಯದ್ದು ಮಾತ್ರ ಅಂತಲೂ ನಾನು ಹೇಳುವುದಿಲ್ಲ. ಗಡಿಯ ಆಚೆ ಲಾತೂರಿನಲ್ಲಿ ಇದೇ ಅಮಾವಾಸ್ಯೆ ವೇಳಾ ಅಮಾವಾಸ್ಯೆ, ಅಲ್ಲೂ ಹೊಲ, ಅಲ್ಲೂ ಪಾಂಡವರು, ಅಲ್ಲೂ ಭಜ್ಜಿ, ಅಂಬಲಿ. ಗಡಿ ಗೆರೆ ಎಳೆದವರು ಬೋಗುಣಿಯ ಒಳಗೆ ಎಳೆಯಲಿಲ್ಲ. ಮಹಾರಾಷ್ಟ್ರದ ಬೇರೆ ಕಡೆ ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಹಸಿ ಕಾಳು, ಬದನೆ, ಗಜ್ಜರಿ ಎಲ್ಲ ಸೇರಿಸಿ ಎಳ್ಳು ಹಾಕಿದ ಪಲ್ಯ ಮಾಡುತ್ತಾರೆ, ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಸೂರತ್ತಿನವರ 'ಉಂಧಿಯು' ಕೂಡ ಉತ್ತರಾಯಣದ, ಅಂದರೆ ಸಂಕ್ರಾಂತಿಯ ಅಡುಗೆ, ಅಲ್ಲೂ ಹಸಿ ಅವರೆ, ಗೆಡ್ಡೆ ಗೆಣಸು, ಬದನೆ ಒಂದೇ ಮಡಕೆಯಲ್ಲಿ. ಚಳಿಗಾಲದಲ್ಲಿ ದಖ್ಖನ್ನಿನಿಂದ ಗುಜರಾತಿನ ತನಕ ಹೊಲ ಕೊಡುವುದು ಹೀಗೇ, ಒಟ್ಟೊಟ್ಟಿಗೆ, ಎಲ್ಲ ಸ್ವಲ್ಪ ಸ್ವಲ್ಪ. ಅಡುಗೆ ಮಾಡುವ ಹೆಂಗಸರು ಎಲ್ಲ ಕಡೆ ಒಂದೇ ಉತ್ತರ ಕಂಡುಕೊಂಡರು.

ಈ ನೆಂಟಸ್ತಿಕೆಯಿಂದ ಹೊರದೇಶದಲ್ಲಿರುವ ನಮ್ಮವರಿಗೂ ಒಂದು ಅನುಕೂಲ ಆಗಿದೆ. ಗುಜರಾತಿಗಳ ಅಂಗಡಿಯಲ್ಲಿ 'ತುವೇರ್ ಲಿಲ್ವಾ' ಅಂತ ಫ್ರೀಜರಿನಲ್ಲಿ ಇಟ್ಟಿರುವುದು ಹಸಿ ತೊಗರಿ ಕಾಳೇ. 'ಪಾಪ್ಡಿ ಲಿಲ್ವಾ' ಅಂದರೆ ನಮ್ಮ ಅವರೆ. ಹಸಿ ಕಡಲೆಯೂ ಹಾಗೇ ಫ್ರೀಜರಿನಲ್ಲಿ ಸಿಗುತ್ತದೆ. ಎಳ್ಳಮಾವಾಸ್ಯೆ ಬರುವುದು ಕ್ರಿಸ್‌ಮಸ್, ಹೊಸ ವರ್ಷದ ರಜೆಯ ಹಿಂದೆ ಮುಂದೆ. ಅಮೆರಿಕಾದಲ್ಲೋ ಇಂಗ್ಲೆಂಡಿನಲ್ಲೋ ಇದ್ದು, ಆ ರಜೆಯಲ್ಲಿ ಜನ ಕರೆದು ಸಸ್ಯಾಹಾರದ ಊಟಕ್ಕೆ ಏನು ಮಾಡೋಣ ಅಂತ ಯೋಚಿಸುವವರು ಇದನ್ನೇ ಮಾಡಿ. ಫ್ರೀಜರಿನ ಕಾಳು ಆಗಲೇ ಸ್ವಲ್ಪ ಬೆಂದಿರುತ್ತದೆ, ಬೇಗ ಆಗುತ್ತದೆ. ಹುಳಿ ಮಾತ್ರ ಆಗಲೂ ಕೊನೆಗೇ.

2026ರಲ್ಲಿ ಮತ್ತೆ ಅಧಿಕ ಮಾಸ ಇದೆ. ಹಾಗಾಗಿ ಮುಂದಿನ ಎಳ್ಳಮಾವಾಸ್ಯೆ ಬರುವುದು 2027ರ ಜನವರಿ 7ಕ್ಕೆ. ಅಷ್ಟು ಹೊತ್ತಿಗೆ ತೊಗರಿ ಬಹುತೇಕ ಒಣಗಿರುತ್ತದೆ. ಕಡಲೆ ಹೊತ್ತಿಗೆ ಸರಿಯಾಗಿ ಬಿತ್ತಿದ್ದರೆ ಗಿಡದ ತುಂಬ ಸುಲಗಾಯಿ. ಹಾಗಾಗಿ ಅರ್ಧ ಕಿಲೋ ಹಸಿ ಕಡಲೆ, ಉಳಿದದ್ದರಲ್ಲಿ ಅವರೆ ಮತ್ತು ಬಟಾಣಿ ಅಂತ ನಾನು ಈಗಲೇ ಲೆಕ್ಕ ಹಾಕಿಟ್ಟಿದ್ದೇನೆ. ಕಡಲೆ ಬೇಗ ಬೇಯುತ್ತದೆ, ಉರಿ ಮೊದಲಿಗಿಂತ ಸಣ್ಣಗಿಡಬೇಕು. ಹಿಟ್ಟನ್ನೂ 150 ಗ್ರಾಮಿನಿಂದ 120ಕ್ಕೆ ಇಳಿಸಬೇಕು, ಹಸಿ ಕಡಲೆ ಕುದಿಯುವಾಗ ಒಂದಿಷ್ಟು ಒಡೆದು ತಾನೇ ಗಟ್ಟಿ ಮಾಡುತ್ತದೆ. ಮಂಡ್ಯದ ಅಕ್ಕನಿಗೆ ಆಗಲೇ ಹೇಳಿದ್ದೇನೆ. ಅವರೆ ತರುವುದು ಅವರ ಪಾಲು, ಹಿತುಕುವ ಮಾತು ಮಾತ್ರ ಎತ್ತಬಾರದು ಅಂತ.